ಒಂದೇ ಎಂಜಿನ್ನಿನ ವಿಮಾನ ಬೀಳುವುದು ಯಾವುದರಿಂದ? ಹಾರಾಟ ತರಬೇತುದಾರರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದಿಂದ ಒಬ್ಬ ತಾಯಿ): ನಮಸ್ಕಾರ ಸರ್. ಮಗಳು ಪೈಲಟ್ ತರಬೇತಿಗೆ ಸೇರಿ ಮೂರು ತಿಂಗಳಾಯಿತು. ಅವಳು ಹಾರಿಸುವುದು ಎರಡು ಸೀಟಿನ ಸೆಸ್ನಾ 152. 2023ರ ಮೇ ತಿಂಗಳಲ್ಲಿ ಬೆಳಗಾವಿಯ ಸಾಂಬ್ರಾ ನಿಲ್ದಾಣದ ಹತ್ತಿರ ತರಬೇತಿ ವಿಮಾನವೊಂದು ಹೊಲದಲ್ಲಿ ಇಳಿದ ಸುದ್ದಿ ನೆನಪಾದರೆ ನನಗೆ ನಿದ್ದೆ ಬರುವುದಿಲ್ಲ. ಇರುವುದೇ ಒಂದು ಎಂಜಿನ್. ಅದು ಆಕಾಶದಲ್ಲಿ ನಿಂತುಬಿಟ್ಟರೆ ಏನು ಗತಿ?

ಉತ್ತರ: ಅಮ್ಮ, ನೀವು ಹೇಳಿದ ಆ ಘಟನೆಯನ್ನೇ ನೋಡಿ. ವಿಮಾನದಲ್ಲಿದ್ದ ಇಬ್ಬರೂ ಸಣ್ಣಪುಟ್ಟ ಗಾಯಗಳೊಂದಿಗೆ ಬದುಕಿ ಹೊರಬಂದರು. ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುವುದಿಲ್ಲ, ಹದ್ದಿನಂತೆ ತೇಲುತ್ತದೆ. ನೆಲದಿಂದ ಮೂರು ಸಾವಿರ ಅಡಿ ಎತ್ತರದಲ್ಲಿದ್ದರೆ, ಗಾಳಿ ಎದುರಿಲ್ಲದಿದ್ದರೆ, ಏಳೆಂಟು ಕಿಲೋಮೀಟರ್ ದೂರ ತೇಲಿ ಹೋಗಬಹುದು. ಒಂದು ಬಯಲು ಆರಿಸಿಕೊಳ್ಳಲು ಅಷ್ಟು ಸಾಕು. ನಿಮ್ಮ ಮಗಳು ಒಬ್ಬಳೇ ಹಾರುವ ಮೊದಲು, ಎಂಜಿನ್ನಿನ ಶಕ್ತಿಯನ್ನು ಪೂರ್ತಿ ತಗ್ಗಿಸಿ ಇಳಿಯುವ ಅಭ್ಯಾಸವನ್ನು ಹತ್ತಾರು ಸಲ ಮಾಡಿರುತ್ತಾಳೆ.

ಸಣ್ಣ ವಿಮಾನಗಳಲ್ಲಿ ಪ್ರಾಣ ತೆಗೆಯುವ ಅಪಘಾತಗಳ ಪೈಕಿ ಮೊದಲ ಸ್ಥಾನ ಹಾರಾಟದ ನಡುವೆ ಹತೋಟಿ ತಪ್ಪುವುದಕ್ಕೆ. ಅಮೆರಿಕದ ವಿಮಾನ ಅಪಘಾತ ತನಿಖಾ ಸಂಸ್ಥೆ ವರ್ಷಗಳಿಂದ ಹೇಳುತ್ತಾ ಬಂದಿರುವುದೂ ಇದನ್ನೇ. ಇಳಿಯುವಾಗ ಚಕ್ರ ಮುರಿಯುವುದು, ರನ್‌ವೇಯಿಂದ ಪಕ್ಕಕ್ಕೆ ಜಾರುವುದು ಹೆಚ್ಚು ನಡೆಯುತ್ತದೆ, ಆದರೆ ಅದರಲ್ಲಿ ಪ್ರಾಣ ಹೋಗುವುದು ಅಪರೂಪ.

ಪ್ರಶ್ನೆ (ಅದೇ ತಾಯಿ): ಹತೋಟಿ ತಪ್ಪುವುದು ಎಂದರೆ ಏನು ಸರ್? ಕೈಗೆ ಸಿಕ್ಕದೆ ಹೋಗುವುದೇ?

ಉತ್ತರ: ಬಿಡಿಸಿ ಹೇಳುತ್ತೇನೆ. ನನ್ನ ಇಪ್ಪತ್ತು ವರ್ಷದ ಪಾಠವೆಲ್ಲ ಇದರ ಸುತ್ತಲೇ ಇದೆ.

ರೆಕ್ಕೆಗೆ ಎದುರಿನಿಂದ ಬರುವ ಗಾಳಿ ಒಂದು ಕೋನದವರೆಗೆ ಮಾತ್ರ ಅದನ್ನು ಎತ್ತಿ ಹಿಡಿಯುತ್ತದೆ. ಸಾಮಾನ್ಯವಾಗಿ ಹದಿನೈದು ಹದಿನಾರು ಡಿಗ್ರಿ ದಾಟಿದರೆ ಗಾಳಿ ರೆಕ್ಕೆಯ ಮೇಲ್ಮೈಯಿಂದ ಕಳಚಿಕೊಂಡು, ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಇದನ್ನೇ ಸ್ಟಾಲ್ ಎನ್ನುತ್ತೇವೆ. ಎಂಜಿನ್ ಚೆನ್ನಾಗಿ ಓಡುತ್ತಿದ್ದರೂ ಸ್ಟಾಲ್ ಆಗಬಹುದು.

ಈಗ ನಿಮ್ಮ ಮಗಳ ಜಾಗದಲ್ಲಿ ಕುಳಿತುಕೊಳ್ಳಿ. ಇಳಿಯಲು ಬರುತ್ತಿದ್ದೀರಿ, ನೆಲ ಐನೂರು ಅಡಿ ಕೆಳಗಿದೆ. ಎಡಕ್ಕೆ ಕೊನೆಯ ತಿರುವು ತೆಗೆದುಕೊಂಡು ರನ್‌ವೇಗೆ ನೇರವಾಗಬೇಕು. ಹಿಂದಿನಿಂದ ಗಾಳಿ ತಳ್ಳಿದ್ದರಿಂದ ತಿರುವು ತಡವಾಯಿತು, ರನ್‌ವೇ ಎಡಕ್ಕೆ ಜಾರಿಹೋಗುತ್ತಿದೆ. ಇಷ್ಟು ಕೆಳಗೆ ಹೆಚ್ಚು ವಾಲಲು ಭಯ. ಆಗ ಕಾಲು ತಾನಾಗಿಯೇ ಎಡ ರಡ್ಡರನ್ನು, ಅಂದರೆ ಮೂತಿಯನ್ನು ಎಡಕ್ಕೆ ತಿರುಗಿಸುವ ಕಾಲುಪಟ್ಟಿಯನ್ನು, ಒತ್ತುತ್ತದೆ. ಮೂತಿ ಕೆಳಗಿಳಿಯುತ್ತದೆ, ಕೈ ಅದನ್ನು ಮೇಲಕ್ಕೆ ಎಳೆಯುತ್ತದೆ. ವೇಗ ಇಳಿಯುತ್ತದೆ, ಒಳಗಡೆಯ ರೆಕ್ಕೆ ಮೊದಲು ಸ್ಟಾಲ್ ಆಗುತ್ತದೆ, ವಿಮಾನ ಬುಗುರಿಯಂತೆ ಗಿರಕಿ ಹೊಡೆಯತೊಡಗುತ್ತದೆ. ಸೆಸ್ನಾದಂಥ ವಿಮಾನ ಒಂದು ಗಿರಕಿಯಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಸುಮಾರು ಸಾವಿರ ಅಡಿ ಕಳೆದುಕೊಳ್ಳುತ್ತದೆ. ನಿಮ್ಮ ಬಳಿ ಇದ್ದದ್ದು ಐನೂರು.

ಹೊಸ ವಿದ್ಯಾರ್ಥಿಯ ಪಕ್ಕದಲ್ಲಿ ಕುಳಿತಾಗ ಇದಕ್ಕಾಗಿಯೇ ನನ್ನ ಕಣ್ಣು ಅವರ ಮೊಣಕೈ ಮೇಲಿರುತ್ತದೆ. ಮೊಣಕೈ ಹಿಂದಕ್ಕೆ ಸರಿಯಿತೆಂದರೆ ಎಳೆಯುತ್ತಿದ್ದಾರೆ ಎಂದರ್ಥ. ತಿರುವು ಕೈತಪ್ಪಿದರೆ ಅದನ್ನು ಅಲ್ಲೇ ಬಿಟ್ಟು, ಪೂರ್ತಿ ಶಕ್ತಿ ಕೊಟ್ಟು ಮೇಲೇರಿ, ಮತ್ತೊಂದು ಸುತ್ತು ಬರಬೇಕು.

ಪ್ರಶ್ನೆ (ಒಬ್ಬ ವಿದ್ಯಾರ್ಥಿ ಪೈಲಟ್): ಸರ್, 25 ಡಿಗ್ರಿ ಬಿಸಿಯಲ್ಲೂ ಕಾರ್ಬ್ಯುರೇಟರಿನಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಪೆಟ್ರೋಲು ಬೆರೆಸಿಕೊಡುವ ಭಾಗದಲ್ಲಿ, ಮಂಜುಗಡ್ಡೆ ಕಟ್ಟುತ್ತದೆ ಎಂದು ಪುಸ್ತಕದಲ್ಲಿದೆ. ನಮ್ಮ ಹವೆಯಲ್ಲಿ ಇದು ನಿಜವೇ?

ಉತ್ತರ: ನಿಜ, ಅದರಲ್ಲೂ ಮಳೆಗಾಲದಲ್ಲಿ. ಕಾರ್ಬ್ಯುರೇಟರಿನ ಇಕ್ಕಟ್ಟಾದ ಗಂಟಲಿನಲ್ಲಿ ಗಾಳಿ ರಭಸದಿಂದ ನುಗ್ಗುತ್ತದೆ, ಪೆಟ್ರೋಲು ಆವಿಯಾಗುತ್ತದೆ. ಎರಡೂ ಸೇರಿ ಅಲ್ಲಿನ ಉಷ್ಣಾಂಶವನ್ನು ಇಪ್ಪತ್ತು ಡಿಗ್ರಿಗೂ ಹೆಚ್ಚು ಇಳಿಸಬಲ್ಲವು. ಗಾಳಿಯ ತೇವ ಅಲ್ಲಿ ಹೆಪ್ಪುಗಟ್ಟಿ ಎಂಜಿನ್ನಿನ ಉಸಿರು ಕಟ್ಟುತ್ತದೆ. ಎಂಜಿನ್ ಸುತ್ತುವ ವೇಗ ತೋರಿಸುವ ಆರ್‌ಪಿಎಂ ಮುಳ್ಳು ಸದ್ದಿಲ್ಲದೆ ಇಳಿಯುತ್ತಾ ಹೋಗುವುದು ಮೊದಲ ಸುಳಿವು.

ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡು. ಕಾರ್ಬ್ಯುರೇಟರಿಗೆ ಬಿಸಿ ಗಾಳಿ ಬಿಡುವ ಕಾರ್ಬ್ ಹೀಟ್ ಹಿಡಿಯನ್ನು ಎಳೆದಾಗ ಕರಗಿದ ನೀರು ಎಂಜಿನ್ ಒಳಗೆ ಹೋಗಿ ಅದು ಇನ್ನಷ್ಟು ಕೆಮ್ಮುತ್ತದೆ, ನಡುಗುತ್ತದೆ. ಬಹಳ ಮಂದಿ ಹೆದರಿ ಅದನ್ನು ಮತ್ತೆ ಒಳಕ್ಕೆ ತಳ್ಳಿಬಿಡುತ್ತಾರೆ. ತಳ್ಳಬೇಡ, ಎಳೆದು ಹಾಗೆಯೇ ಹಿಡಿದಿರು. ನೀನು ಮುಂದೆ ಹೊಸ ಸೆಸ್ನಾ 172 ಹಾರಿಸಿದರೆ ಅದರಲ್ಲಿ ಕಾರ್ಬ್ಯುರೇಟರಿನ ಬದಲು ಫ್ಯೂಯೆಲ್ ಇಂಜೆಕ್ಷನ್ ಇರುತ್ತದೆ, ಈ ಸಮಸ್ಯೆ ಇರುವುದಿಲ್ಲ.

ಪ್ರಶ್ನೆ (ಇನ್ನೊಬ್ಬರು): ಹಾಗಾದರೆ ಎಂಜಿನ್ ನಿಲ್ಲುವುದು ಹೆಚ್ಚಾಗಿ ಈ ಮಂಜುಗಡ್ಡೆಯಿಂದಲೇ?

ಉತ್ತರ: ಅದಕ್ಕಿಂತ ಬೇಸರದ ಕಾರಣವೊಂದಿದೆ: ಇಂಧನ. ಒಂದೋ ಮುಗಿದಿರುತ್ತದೆ, ಇಲ್ಲವೇ ಇನ್ನೊಂದು ಟ್ಯಾಂಕಿನಲ್ಲಿ ಇರುತ್ತದೆ, ಇಲ್ಲವೇ ನೀರು ಸೇರಿರುತ್ತದೆ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಕಡಲಿಗೆ ಬಿದ್ದದ್ದು ಹೀಗೆಯೇ. ಅವರ ವಿಮಾನದಲ್ಲಿ ಟ್ಯಾಂಕ್ ಬದಲಿಸುವ ಹಿಡಿ ಎಡ ಭುಜದ ಹಿಂದಿತ್ತು. ಇಂಧನ ಕಡಿಮೆ ಇದೆಯೆಂದು ಗೊತ್ತಿದ್ದೂ ತುಂಬಿಸದೆ ಹೊರಟಿದ್ದರು. ಹಿಂದಕ್ಕೆ ತಿರುಗಿ ಆ ಹಿಡಿಯನ್ನು ಹುಡುಕುವಾಗ ಬಲ ರಡ್ಡರ್ ಒತ್ತಿಹೋಯಿತು ಎಂಬುದು ತನಿಖೆಯ ತೀರ್ಮಾನ. ಕಾರಣ ಇಂಧನದಿಂದ ಶುರುವಾದರೂ ಕೊನೆಗೆ ಬಂದು ನಿಂತದ್ದು ಹತೋಟಿಯಲ್ಲೇ, ಗಮನಿಸಿ.

ಮೋಡದ ಕಥೆಯೂ ಇಂಥದ್ದೇ. ಉಪಕರಣ ನೋಡಿ ಹಾರಲು ಕಲಿಯದವರು ಮೋಡದೊಳಗೆ ಹೊಕ್ಕರೆ ಎಷ್ಟು ಹೊತ್ತು ಹತೋಟಿ ಉಳಿಯುತ್ತದೆ ಎಂದು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತು ಮಂದಿಯನ್ನು ಪರೀಕ್ಷಿಸಿದ್ದರು. ಬಂದ ಸರಾಸರಿ 178 ಸೆಕೆಂಡ್, ಮೂರು ನಿಮಿಷವೂ ಇಲ್ಲ. 1999ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ರಾತ್ರಿ, ಮಬ್ಬಿನಲ್ಲಿ, ಕಡಲಿನ ಮೇಲೆ ದಿಗಂತ ಕಾಣದೆ ದಿಕ್ಕುಗೆಟ್ಟು ಕಡಲಿಗೆ ಬಿದ್ದರು. ಅವರ ವಿಮಾನ ಸರಿಯಾಗಿಯೇ ಇತ್ತು.

ಪ್ರಶ್ನೆ (ಹಾಸನದ ತಾಯಿ): ಇಷ್ಟು ಸಮಾಧಾನವಾಗಿ ಹೇಳಿದಿರಿ, ಋಣಿ. ಕೊನೆಯದಾಗಿ ಒಂದು ಮಾತು. ಮನೆಯಲ್ಲಿ ಕುಳಿತು ನಾನು ಏನಾದರೂ ಮಾಡಬಹುದೇ?

ಉತ್ತರ: ಮಾಡಬಹುದು ಅಮ್ಮ. ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಇನ್ನೂರು ಗಂಟೆಯ ಹಾರಾಟ ಬೇಕು, ಮನೆಯವರು ಸಾಲ ಮಾಡಿರುತ್ತಾರೆ. ಅದಕ್ಕೇ ದಿನಾ ಫೋನಿನಲ್ಲಿ "ಎಷ್ಟು ಗಂಟೆ ಆಯಿತು?" ಎಂದು ಕೇಳುತ್ತಾರೆ. ಆ ಪ್ರಶ್ನೆ ಮಗುವಿನ ತಲೆಯಲ್ಲಿ ಕುಳಿತುಬಿಡುತ್ತದೆ. ಮೋಡ ಕವಿದ ದಿನವೂ ಹೋಗಿಬಿಡೋಣ ಎನ್ನಿಸುತ್ತದೆ. ಒಬ್ಬ ಹುಡುಗ ಒಮ್ಮೆ ಮಳೆ ಮೋಡ ನೋಡುತ್ತಲೇ ವಿಮಾನದತ್ತ ನಡೆಯುತ್ತಿದ್ದ. ಏಕೆ ಎಂದು ಕೇಳಿದರೆ, "ಅಪ್ಪ ಸಂಜೆ ಫೋನ್ ಮಾಡುತ್ತಾರೆ ಸರ್" ಎಂದ.

ನೀವು ಬೇರೆಯದನ್ನು ಕೇಳಿ. ಹಾರುವ ಮೊದಲು ಅವಳು ರೆಕ್ಕೆಯ ಅಡಿಯಿಂದ ಸಣ್ಣ ಪಾರದರ್ಶಕ ಲೋಟಕ್ಕೆ ಇಂಧನ ಹಿಡಿದು ನೋಡಬೇಕು. ವಿಮಾನದ ಪೆಟ್ರೋಲು ತಿಳಿ ನೀಲಿ. ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಕೂರುತ್ತದೆ. ಲೋಟದ ತುಂಬ ನೀರೇ ಬಂದಿದ್ದರೆ ಗುಳ್ಳೆ ಕಾಣುವುದಿಲ್ಲ, ಆಗ ನೀಲಿ ಇದೆಯೇ ಎಂದು ಬಿಳಿಯ ಹಿನ್ನೆಲೆಗೆ ಹಿಡಿದು, ಮೂಸಿಯೂ ನೋಡಬೇಕು. "ಇವತ್ತು ಲೋಟದಲ್ಲಿ ಏನು ಕಂಡಿತು ಮಗಳೇ?" ಎಂದು ಕೇಳಿ. "ಇವತ್ತು ಹಾರಲಿಲ್ಲ ಅಮ್ಮ, ಮೋಡ ಕೆಳಗಿತ್ತು" ಎಂದಳೋ, ಊಟ ಆಯಿತೇ ಎಂದು ವಿಚಾರಿಸಿ ಫೋನ್ ಇಡಿ.