ಸೋಮವಾರದ ರಾಜೀನಾಮೆ ಪತ್ರದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮೊಬೈಲಿನಲ್ಲಿ ಇಷ್ಟುದ್ದ ಟೈಪ್ ಮಾಡಲು ನನ್ನ ಬೆರಳುಗಳಿಗೆ ಆಗುವುದಿಲ್ಲ. ಹಾಗಾಗಿ ಹೇಳಬೇಕಾದದ್ದನ್ನು ನಿನ್ನೆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಈಗ ಓದುತ್ತಿದ್ದೇನೆ. ಇದು ಮುಖ್ಯವಾಗಿ ನನ್ನ ತಂಗಿಯ ಮಗನಿಗೆ; ಉಳಿದವರು ಕೆಲಸ ಮಾಡುತ್ತಾ ಕೇಳಿಸಿಕೊಂಡರೂ ಸಾಕು.

ಮಗಾ, ಗುರುವಾರ ರಾತ್ರಿ ಒಂದು ಗಂಟೆಗೆ ನೀನು ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ ಸಂದೇಶವನ್ನು ನಾನು ಬೆಳಿಗ್ಗೆ ಎದ್ದು ಮೂರು ಸಲ ಓದಿದೆ. ಆಫೀಸಿಗೆ ಹೋಗುವ ಉಮೇದು ಒಂದಿಷ್ಟೂ ಉಳಿದಿಲ್ಲ, ಸೋಮವಾರ ರಾಜೀನಾಮೆ ಕೊಡುತ್ತೇನೆ, ನಾಲ್ಕು ವರ್ಷ ಎರಡು ತಿಂಗಳಲ್ಲಿ ಜಮೆಯಾದ ಪಿಎಫ್, ಅಂದರೆ ಭವಿಷ್ಯ ನಿಧಿಯ ಹಣ ತೆಗೆದು ಗೆಳೆಯನ ಜೊತೆ ಪುಣೆಯ ಕೋಥ್ರೂಡಿನಲ್ಲಿ ದೋಸೆ ಅಂಗಡಿ ಹಾಕುತ್ತೇನೆ ಎಂದು ಬರೆದಿದ್ದೀಯೆ. ಅದಕ್ಕೆ ಬಂದ ಉತ್ತರಗಳನ್ನೂ ನೋಡಿದೆ. ಹದಿನೈದು ಜನ ಹೆಬ್ಬೆರಳು ಎತ್ತಿದ್ದಾರೆ, ಇಬ್ಬರು ಧೈರ್ಯ ಹೇಳುವ ವಿಡಿಯೋ ಕಳುಹಿಸಿದ್ದಾರೆ. ನಿನ್ನ ಅಪ್ಪ ಮಾತ್ರ ಏನೂ ಬರೆಯಲಿಲ್ಲ. ಆ ಮೌನದಲ್ಲಿ ಎಷ್ಟು ಆತಂಕವಿದೆಯೆಂದು ನನಗೆ ಗೊತ್ತಿರುವುದರಿಂದಲೇ ಇಷ್ಟು ಮಾತಾಡುತ್ತಿದ್ದೇನೆ.

ನಿನ್ನ ಸಂದೇಶದಲ್ಲಿ ಎರಡು ಸಂಗತಿಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಉಮೇದು ಇಲ್ಲ ಎನ್ನುವುದು ಒಂದು. ಅಂಗಡಿ ಹಾಕಬೇಕು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಎರಡನೆಯದೇ ಮದ್ದು ಎಂದು ನೀನು ನಂಬಿಕೊಂಡಂತಿದೆ. ನಾನು ಒಮ್ಮೆ ಹಾಗೆಯೇ ನಂಬಿದ್ದೆ. ಆ ಕಥೆಯನ್ನು ಈ ಗ್ರೂಪಿನಲ್ಲಿ ಹಿರಿಯರಿಗೆ ಬಿಟ್ಟರೆ ಬೇರೆ ಯಾರಿಗೂ ಹೇಳಿದವಳಲ್ಲ.

1986ರ ಜನವರಿಯಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಖಾಸಗಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿದೆ. 1990ರ ಏಪ್ರಿಲಿನಲ್ಲಿ, ಒಂದು ಪತ್ರದಲ್ಲಿ ಮೊತ್ತ ತಪ್ಪು ಬಿದ್ದದ್ದಕ್ಕೆ ಮೇಲಿನವರು ಎಲ್ಲರ ಎದುರು ಬೈದರೆಂದು, ಸಂಜೆ ಆರು ಗಂಟೆಗೆ ಅದೇ ಯಂತ್ರದಲ್ಲಿ ರಾಜೀನಾಮೆ ಟೈಪ್ ಮಾಡಿ ಕೊಟ್ಟು ಬಂದೆ. ಆ ವಾರ ಮನೆಯಲ್ಲಿ ಮಗುವಿಗೆ ಜ್ವರವಿತ್ತು, ನಾನು ಮೂರು ರಾತ್ರಿ ಸರಿಯಾಗಿ ಮಲಗಿರಲಿಲ್ಲ. ಸಾರಿನ ಪುಡಿ, ಸಾಂಬಾರ್ ಪುಡಿ ಮಾಡಿ ಮಾರುತ್ತೇನೆ ಎಂದು ನಿಮ್ಮ ದೊಡ್ಡಪ್ಪನಿಗೆ ಹೇಳಿದೆ. ಕೈಗೆ ಬಂದ ಪಿಎಫ್ ಹಣದಲ್ಲಿ, ಮೇ ತಿಂಗಳ ಕೊನೆಯಲ್ಲಿ ಮಸ್ಜಿದ್ ಬಂದರಿನ ಸಗಟು ಅಂಗಡಿಯಿಂದ ನಲವತ್ತು ಕಿಲೋ ಬ್ಯಾಡಗಿ ಮೆಣಸು ತಂದೆ. ಸಗಟಿಗೆ ತಂದರೆ ಅಗ್ಗ ಎಂಬ ಒಂದು ಲೆಕ್ಕ ಬಿಟ್ಟರೆ ನನ್ನ ತಲೆಯಲ್ಲಿ ಬೇರೆ ಲೆಕ್ಕವೇ ಇರಲಿಲ್ಲ. ಮೆಣಸನ್ನು ಮಳೆಗೆ ಮೊದಲು ಒಳ್ಳೆಯ ಬಿಸಿಲಿನಲ್ಲಿ ನಾಲ್ಕೈದು ದಿನ ಗಲಗಲ ಎನ್ನುವವರೆಗೆ ಒಣಗಿಸಿ ಡಬ್ಬಿಗೆ ತುಂಬಬೇಕೆಂದು ಊರಿನಲ್ಲಿ ಅಮ್ಮ ಮಾಡುವುದನ್ನು ಕಣ್ಣಾರೆ ಕಂಡವಳು ನಾನು. ಆದರೂ ಡೊಂಬಿವಲಿಯ ನೆಲಮಹಡಿಯ ಖೋಲಿಯಲ್ಲಿ ಗೋಣಿಯನ್ನು ಗೋಡೆಗೆ ಒರಗಿಸಿಟ್ಟೆ. ಜೂನಿನಲ್ಲಿ ಮಳೆ ಹಿಡಿಯಿತು. ಜುಲೈ ಮೊದಲ ವಾರ ಗೋಣಿ ಬಿಚ್ಚಿದಾಗ ಮೆಣಸು ಚರ್ಮದಂತೆ ಮೆತ್ತಗಾಗಿತ್ತು, ತೊಟ್ಟಿನ ಬುಡದಲ್ಲಿ ಬಿಳಿಯ ಬೂಷ್ಟು ಕಟ್ಟಿತ್ತು, ಒಂದನ್ನು ಮುರಿದರೆ ಒಳಗಿನ ಬೀಜವೂ ಕಪ್ಪಾಗಿತ್ತು. ಅರ್ಧಕ್ಕಿಂತ ಹೆಚ್ಚು ಎಸೆಯಬೇಕಾಯಿತು.

ಆ ಮೆಣಸಿನ ನಷ್ಟವನ್ನು ಒಂದು ವರ್ಷದಲ್ಲಿ ತುಂಬಿಸಿಕೊಂಡೆ. ಇನ್ನೊಂದು ನಷ್ಟ ನನಗೆ ಗೊತ್ತಾದದ್ದು ಬಹಳ ತಡವಾಗಿ. ನಾನು ಆ ಕಚೇರಿಯಲ್ಲಿ ಇನ್ನು ಒಂಬತ್ತು ತಿಂಗಳು ಇದ್ದಿದ್ದರೆ ಐದು ವರ್ಷ ತುಂಬಿ, ಕೆಲಸ ಬಿಡುವಾಗ ಕಂಪನಿ ಕೊಡುವ ಗ್ರಾಚ್ಯುಟಿ ಹಣ ಸಿಗುತ್ತಿತ್ತು. 1972ರ ಕಾಯಿದೆಯಿಂದಲೇ ಬಂದ ಲೆಕ್ಕವದು: ಸೇವೆಯ ಪ್ರತಿ ವರ್ಷಕ್ಕೆ, ಕೊನೆಯಲ್ಲಿ ಪಡೆದ ವೇತನದ ಹದಿನೈದು ದಿನದಷ್ಟು. ನನಗೆ ಅದನ್ನು ಯಾರೂ ಹೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ.

ಈಗ ನಿನ್ನ ಲೆಕ್ಕ ನೋಡು. ನಿನ್ನದು ಖಾಯಂ ನೌಕರಿ, ಐದು ವರ್ಷಕ್ಕೆ ಇನ್ನು ಹತ್ತು ತಿಂಗಳಿದೆ. ಪಿಎಫ್ ವಿಷಯದಲ್ಲಿಯೂ ಅದೇ ಐದು ವರ್ಷ ಬರುತ್ತದೆ. ನಿರಂತರ ಸೇವೆ ಐದು ವರ್ಷ ತುಂಬುವ ಮೊದಲು, ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟು ಹಣ ತೆಗೆದರೆ ಅದರ ದೊಡ್ಡ ಭಾಗ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ನಿನ್ನ ಮೂಲ ವೇತನದಿಂದ 12 ಶೇಕಡಾ ಹೋಗುತ್ತದೆ, ಕಂಪನಿಯೂ ಅಷ್ಟೇ ಹಾಕುತ್ತದೆ, ಆದರೆ ಕಂಪನಿ ಹಾಕಿದ್ದರಲ್ಲಿ ಒಂದು ಪಾಲು ಪಿಂಚಣಿ ಯೋಜನೆಗೆ ಹೋಗುವುದರಿಂದ ನೀನು ಮನಸ್ಸಿನಲ್ಲಿ ಮಾಡಿಕೊಂಡ ಮೊತ್ತಕ್ಕಿಂತ ಕೈಗೆ ಸಿಗುವುದು ಕಡಿಮೆ ಇರಬಹುದು. ಪಾಸ್‌ಬುಕ್ ತೆಗೆದು ನೋಡು. 2024-25ರಲ್ಲಿ ಅದಕ್ಕೆ 8.25 ಶೇಕಡಾ ಬಡ್ಡಿ ಕೊಟ್ಟಿದ್ದಾರೆ. ದರ ವರ್ಷವರ್ಷಕ್ಕೆ ಬದಲಾಗುತ್ತದೆ, ಆದರೂ ಇದೇ ದರ ಉಳಿದರೆ ಇವತ್ತಿನ ಮೂರು ಲಕ್ಷ, ಕೆಲಸ ಬದಲಾಯಿಸಿದಾಗಲೂ ತೆಗೆಯದೆ ಖಾತೆಯನ್ನು ವರ್ಗ ಮಾಡಿಸಿಕೊಳ್ಳುತ್ತಾ ಹೋದರೆ, ಮೂವತ್ತು ವರ್ಷದಲ್ಲಿ ಸುಮಾರು ಮೂವತ್ತೆರಡು ಲಕ್ಷವಾಗುತ್ತದೆ. ಅಂಗಡಿಗೆ ಬೇರೆ ಹಣ ಹುಡುಕೋಣ. ಇದನ್ನು ಮುಟ್ಟಬೇಡ.

ಇನ್ನು ಉಮೇದಿನ ಮಾತು. ಚೌತಿಗೆ ನೀನು ನಮ್ಮ ಮನೆಯಲ್ಲಿ ಐದು ದಿನ ಇದ್ದಾಗ ನಾನು ನಿನ್ನ ದಿನಚರಿಯನ್ನು ನೋಡಿದ್ದೇನೆ. ಪರೇಲಿನಿಂದ ಹೊರಟು ಕಿಕ್ಕಿರಿದ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಬಂದು, ರಾತ್ರಿ ಹತ್ತಕ್ಕೆ ಊಟ ಮಾಡಿ, ಒಂದು ಗಂಟೆಯವರೆಗೆ ಮೊಬೈಲ್ ಹಿಡಿದು ಮಲಗಿ, ಬೆಳಿಗ್ಗೆ ಆರಕ್ಕೆ ಏಳುತ್ತಿದ್ದೆ. ಐದು ಗಂಟೆ ನಿದ್ದೆ ಮಾಡಿದವನಿಗೆ ಯಾವ ಕೆಲಸದಲ್ಲಿ ಉಮೇದು ಬಂದೀತು? ದೋಸೆ ಅಂಗಡಿಯಲ್ಲಿ ಅದಕ್ಕಿಂತ ಮೊದಲೇ ಏಳಬೇಕಾಗುತ್ತದೆ. ಮೊದಲು ಒಂದು ತಿಂಗಳು ಹನ್ನೊಂದಕ್ಕೆ ಮಲಗು, ಬೆಳಿಗ್ಗೆ ಅರ್ಧ ಗಂಟೆ ಮೊದಲು ಹೊರಟು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿ, ಕೂತು ಹೋಗು. ಆಮೇಲೆಯೂ ಆ ಕೆಲಸ ಬೇಡವೆನಿಸಿದರೆ ನಿನ್ನ ಮಾತನ್ನು ನಾನೇ ನಿನ್ನ ಅಪ್ಪನಿಗೆ ಹೇಳುತ್ತೇನೆ.

ಮೊದಲ ಸಲ ಸೋತ ಮೇಲೆ ನಾನು ಬೇರೊಂದು ಕಡೆ ಮಧ್ಯಾಹ್ನದ ಟೈಪಿಂಗ್ ಕೆಲಸ ಹಿಡಿದು, ಬೆಳಿಗ್ಗೆ ಮಾತ್ರ ಪುಡಿ ಮಾಡಲು ಶುರು ಮಾಡಿದೆ, ಅದೂ ಅರ್ಧ ಕಿಲೋ ಲೆಕ್ಕದಲ್ಲಿ, ಗುರುತಿನವರಿಗಷ್ಟೇ. ಇಪ್ಪತ್ತೆರಡು ವರ್ಷ ಅದನ್ನು ನಡೆಸಿದೆ, ಇಬ್ಬರು ಮಕ್ಕಳ ಕಾಲೇಜು ಫೀಸು ಅದರಿಂದಲೇ ಕಟ್ಟಿದೆ. ಅಷ್ಟು ವರ್ಷಗಳಲ್ಲಿ ನಾಲ್ಕೂವರೆಗೆ ಏಳಲು ಮನಸ್ಸಿದ್ದ ದಿನಗಳು ಬಹಳ ಕಡಿಮೆ. ಮನಸ್ಸಿಲ್ಲದ ದಿನ ನಾನು ನನಗೆ ಒಂದೇ ಕೆಲಸ ಹೇಳಿಕೊಳ್ಳುತ್ತಿದ್ದೆ: ಒಲೆ ಹಚ್ಚಿ, ಬಾಣಲೆಗೆ ಎರಡು ಚಮಚ ತೆಂಗಿನೆಣ್ಣೆ ಬಿಟ್ಟು ಕೊತ್ತಂಬರಿ ಬೀಜ ಹಾಕುವುದು. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ನಿಂತರೆ ಮೊದಲು ಹಸಿವಾಸನೆ ಹೋಗುತ್ತದೆ, ಆಮೇಲೆ ಬೀಜ ಚಟಚಟ ಎನ್ನಲು ಶುರುವಾಗುತ್ತದೆ, ಆ ಪರಿಮಳ ಮನೆಯಿಡೀ ಹರಡುವ ಹೊತ್ತಿಗೆ ಮೆಂತ್ಯ, ಜೀರಿಗೆ, ಉದ್ದಿನಬೇಳೆಗಳು ತಾವಾಗಿಯೇ ಕೈಗೆ ಬಂದಿರುತ್ತಿದ್ದವು. ನಿನ್ನ ಆಫೀಸಿನ ಕೆಲಸದಲ್ಲಿಯೂ ಅಂಥ ಒಂದು ಮೊದಲ ಕೆಲಸ ಇದ್ದೇ ಇರುತ್ತದೆ. ಅದು ಯಾವುದೆಂದು ಹಿಂದಿನ ದಿನ ಸಂಜೆಯೇ ಒಂದು ಚೀಟಿಯಲ್ಲಿ ಬರೆದಿಟ್ಟು ಬಾ.

ನಿನ್ನ ದೊಡ್ಡಪ್ಪ ಇದ್ದಿದ್ದರೆ ಇನ್ನೊಂದು ಮಾತು ಸೇರಿಸುತ್ತಿದ್ದರು. ಅವರು ಹೋಟೆಲಿನಲ್ಲಿ ದಿನವಿಡೀ ತಟ್ಟೆ ಎತ್ತಿ ಸಂಜೆ ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಅವರ ಹಾಗೆ ಊರಿನಿಂದ ಬಂದ ಎಷ್ಟೋ ಹುಡುಗರು ಈ ಶಹರದಲ್ಲಿ ಮೆಟ್ರಿಕ್ ಪಾಸಾದದ್ದು ಅಂಥ ರಾತ್ರಿ ಶಾಲೆಗಳಿಂದಲೇ. ಸಂಜೆ ಏಳಕ್ಕೆ ಕಾಲು ಸೋತು ಮಲಗೋಣ ಎನಿಸಿದಾಗಲೂ, ಜೊತೆಯ ಹುಡುಗ ಹೋಟೆಲಿನ ಹಿಂಬಾಗಿಲಲ್ಲಿ ಪುಸ್ತಕ ಹಿಡಿದು ಕಾಯುತ್ತಿದ್ದಾನೆಂಬ ಕಾರಣಕ್ಕೇ ಹೋಗುತ್ತಿದ್ದೆ ಎಂದು ಹೇಳುತ್ತಿದ್ದರು. ನಿನಗೆ ಹಾಗೆ ಕಾಯುವವರು ಯಾರೂ ಇಲ್ಲವೆಂದು ನನಗೆ ಕಾಣುತ್ತದೆ. ಇಡೀ ದಿನ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬನೇ ಹೋಗಿ ಒಬ್ಬನೇ ಬರುತ್ತೀಯೆ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಅದು ಕೆಟ್ಟ ಯೋಚನೆ ಎಂದು ನಾನು ಖಂಡಿತ ಹೇಳುವುದಿಲ್ಲ. ನೀನು ಬಾಡಿಗೆ ತಿಂಗಳಿಗೆ ಮೂವತ್ತು ಸಾವಿರ ಎಂದು ಬರೆದಿದ್ದೀಯೆ. ಅಕ್ಕಿ, ಉದ್ದು, ಎಣ್ಣೆ, ಚಟ್ನಿ, ಗ್ಯಾಸು ಎಲ್ಲ ಕಳೆದು ಒಂದು ದೋಸೆಗೆ ಇಪ್ಪತ್ತು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೂ, ಬಾಡಿಗೆ ಕಟ್ಟಲಿಕ್ಕೇ ತಿಂಗಳಿಗೆ ಸಾವಿರದೈನೂರು ದೋಸೆ, ಅಂದರೆ ಒಂದು ದಿನವೂ ಬಾಗಿಲು ಹಾಕದೆ ದಿನಕ್ಕೆ ಐವತ್ತು ದೋಸೆ ಮಾರಬೇಕು. ಹುಡುಗರ ಸಂಬಳ, ಕರೆಂಟು, ನಿಮ್ಮಿಬ್ಬರ ಹೊಟ್ಟೆಪಾಡು ಅದರ ಮೇಲೆ. ಠೇವಣಿ ಎಷ್ಟು, ಎಫ್‌ಎಸ್‌ಎಸ್‌ಎಐ ಆಹಾರ ಸುರಕ್ಷತಾ ಪರವಾನಗಿ ಯಾರ ಹೆಸರಿನಲ್ಲಿ, ಹತ್ತೊಂಬತ್ತು ಕಿಲೋದ ವಾಣಿಜ್ಯ ಸಿಲಿಂಡರ್ ಎಷ್ಟು ದಿನ ಬರುತ್ತದೆ, ಇಬ್ಬರಲ್ಲಿ ಒಬ್ಬರು ಬಿಟ್ಟು ಹೋದರೆ ಹಣ ಹಿಂದಿರುಗಿಸುವ ಕ್ರಮವೇನು, ಇವು ಯಾವುದೂ ನಿನ್ನ ಸಂದೇಶದಲ್ಲಿಲ್ಲ. ನಿನಗೆ ಶನಿವಾರ ರಜೆಯಿದೆ, ಕಲ್ಯಾಣದಿಂದ ಪುಣೆಗೆ ಮೂರು ಗಂಟೆಯೊಳಗೆ ಮುಟ್ಟುವ ರೈಲುಗಳಿವೆ. ಗೆಳೆಯನಿಗೆ ಪರಿಚಯವಿರುವ ಯಾವುದಾದರೂ ಅಂಗಡಿಯಲ್ಲಿ ನಾಲ್ಕು ಶನಿವಾರ ಕಾವಲಿಯ ಮುಂದೆ ನಿಲ್ಲು, ಸಂಜೆ ಗಲ್ಲಾ ಎಣಿಸುವಾಗ ಪಕ್ಕದಲ್ಲಿ ಕೂತುಕೋ. ಸಂಬಳ ಬರುತ್ತಿರುವಾಗಲೇ ಇದನ್ನೆಲ್ಲ ಮಾಡಲು ಸಾಧ್ಯ. ಮುಂದಿನ ಹತ್ತು ತಿಂಗಳು ನಿನಗೆ ಅದಕ್ಕೇ ಬೇಕು.

ಒಂದು ಬೇಡಿಕೆ ಇದೆ. ಕೆಲಸ ಬಿಡುವುದು, ಸಾಲ ಮಾಡುವುದು, ಯಾರಿಗಾದರೂ ಖಾರವಾಗಿ ಉತ್ತರ ಬರೆಯುವುದು, ಇಂಥವನ್ನು ರಾತ್ರಿ ಒಂಬತ್ತರ ನಂತರ ತೀರ್ಮಾನಿಸಬೇಡ. ಬರೆದಿಡು, ಬೆಳಿಗ್ಗೆ ಸ್ನಾನವಾದ ಮೇಲೆ ಓದಿ ನೋಡು.

ಭಾನುವಾರ ಹನ್ನೊಂದು ಗಂಟೆಗೆ ಮನೆಗೆ ಬಾ, ಗೆಳೆಯನನ್ನೂ ಕರೆದುಕೊಂಡು ಬಾ. ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ಕಿನ ಪ್ರತಿ, ಬಾಡಿಗೆ ಕರಾರಿನ ಕರಡು ಇದ್ದರೆ ಅದು, ಮೂರನ್ನೂ ತನ್ನಿ. ಪುಣೆಯ ಡಿಸೆಂಬರ್ ಚಳಿಯಲ್ಲಿ ದೋಸೆ ಹಿಟ್ಟು ಇಲ್ಲಿಯ ಹಾಗೆ ಒಂದು ರಾತ್ರಿಯಲ್ಲಿ ಹುಳಿ ಬರುವುದಿಲ್ಲ, ಅದಕ್ಕೆ ಏನು ಮಾಡಬೇಕೆಂದು ಆ ದಿನ ನಾನು ಹಿಟ್ಟು ಕಡೆದೇ ತೋರಿಸುತ್ತೇನೆ.