ಕುಸ್ವಾರಿನ ಗಡಿಬಿಡಿಯಲ್ಲಿ ಆಗಮನ ಕಾಲವನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ:
ಮಂಗಳೂರಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಕಥೋಲಿಕ ಕುಟುಂಬ ನಮ್ಮದು. ಡಿಸೆಂಬರ್ ಹುಟ್ಟುತ್ತಲೇ ಬಾಗಿಲಲ್ಲಿ ನಕ್ಷತ್ರ ತೂಗುತ್ತದೆ, ಮರುವಾರ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಕೆಲಸ ಶುರುವಾಗುತ್ತದೆ, ಅದು ಮುಗಿಯುವಷ್ಟರಲ್ಲಿ ಕ್ಯಾರಲ್ ತಂಡಗಳು ಬರುತ್ತವೆ. ಇದು ಆಗಮನ ಕಾಲ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲವೆಂದು ನೆನಪಿಸುವುದು ಭಾನುವಾರ ಗುರುಗಳು ತೊಡುವ ನೇರಳೆ ಪೂಜಾವಸ್ತ್ರವೊಂದೇ. ‘ಆಗಮನ ಕಾಲ ಅಂದರೆ ಏನಮ್ಮಾ?’ ಎಂದು ಎಂಟು ವರ್ಷದ ಮಗಳು ಕೇಳಿದಾಗ, ‘ಕ್ರಿಸ್ಮಸ್ಸಿನ ತಯಾರಿ’ ಎಂದಷ್ಟೇ ಹೇಳಿ ನೆವ್ರಿಯ (ಹೂರಣದ ಕಡುಬಿನ) ಅಂಚು ಕತ್ತರಿಸುತ್ತಾ ಕುಳಿತೆ. ಮನೆಯಲ್ಲಿ ಏನು ಮಾಡಬಹುದೆಂದು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1:
ಮಗಳಿಗೆ ನೀವು ಹೇಳಿದ್ದು ಅರ್ಧ ಸರಿ. ಡಿಸೆಂಬರ್ 16ರವರೆಗಿನ ಪೂಜೆಯ ಬೈಬಲ್ ವಾಚನಗಳು ಹೆಚ್ಚಾಗಿ ಕ್ರಿಸ್ತರ ಪುನರಾಗಮನದ ಕಡೆಗೆ ನೋಡುತ್ತವೆ. ಬೆತ್ಲೆಹೇಮಿನ ಜನನಕ್ಕೆ ನೇರವಾಗಿ ಅಣಿಗೊಳಿಸುವುದು 17ರಿಂದ 24ರವರೆಗಿನ ದಿನಗಳು. ಮೊದಲ ಭಾನುವಾರದ ಶುಭಸಂದೇಶದಲ್ಲಿ ಕೂಸಿನ ಸುದ್ದಿಯೇ ಇಲ್ಲದೆ ‘ಎಚ್ಚರವಾಗಿರಿ’ ಎಂಬ ಕರೆ ಇರುವುದು ಇದರಿಂದಲೇ. ಧರ್ಮೋಪದೇಶದ ತರಗತಿಯಲ್ಲಿ ನಾನು ಮಕ್ಕಳಿಗೆ ಒಂದು ಕೆಲಸ ಕೊಡುತ್ತೇನೆ: ಈ ನಾಲ್ಕು ಭಾನುವಾರಗಳ ಪೂಜೆಯಲ್ಲಿ ಏನು ಕೇಳಿಸುವುದಿಲ್ಲ ಎಂಬುದನ್ನು ಪತ್ತೆಮಾಡಿ. ಮಹಿಮಾಗೀತೆ! ಕುರುಬರಿಗೆ ದೇವದೂತರು ಕೇಳಿಸಿದ ಸ್ತುತಿಯಿಂದ ಆರಂಭವಾಗುವ ಆ ಗೀತೆ ಕ್ರಿಸ್ಮಸ್ ರಾತ್ರಿ ಮರಳಿ ಬಂದಾಗ, ಅಷ್ಟು ದಿನ ಕಿವಿಗೊಟ್ಟು ಕಾದ ಮಗುವಿಗೆ ಯಾರೂ ವಿವರಿಸಬೇಕಾಗುವುದಿಲ್ಲ.

ಉತ್ತರ 2:
ನಮ್ಮದು ಬಾಸೆಲ್ ಮಿಷನ್ ಹಿನ್ನೆಲೆಯ ಸಿಎಸ್‌ಐ (ಪ್ರೊಟೆಸ್ಟೆಂಟ್) ಮನೆ. ನಾವು ಅಡ್ವೆಂಟ್ ರೀತ್ ಇಡುತ್ತೇವೆ, ಅಂದರೆ ಮೇಣದಬತ್ತಿಗಳನ್ನು ನಿಲ್ಲಿಸಿದ ಹಸಿರೆಲೆಯ ಚಕ್ರ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ವಿಖರ್ನ್ ಎಂಬವರು, ಹಬ್ಬಕ್ಕೆ ಇನ್ನೆಷ್ಟು ದಿನವೆಂದು ಪೀಡಿಸುತ್ತಿದ್ದ ಮಕ್ಕಳಿಗಾಗಿ ಬಂಡಿಚಕ್ರವೊಂದರ ಮೇಲೆ ಮೇಣದಬತ್ತಿಗಳನ್ನು ನಿಲ್ಲಿಸಿ ದಿನಕ್ಕೊಂದರಂತೆ ಹಚ್ಚಿಸಿದರಂತೆ. ಇಂದು ವಾರಕ್ಕೊಂದರಂತೆ ನಾಲ್ಕೇ ಬತ್ತಿಗಳು ಉಳಿದಿವೆ. ನಾವು ರಾತ್ರಿ ಊಟಕ್ಕೆ ಮುಂಚೆ ಎಲ್ಲ ದೀಪಗಳನ್ನೂ ಆರಿಸಿ (ಹೊರಗಿನ ನಕ್ಷತ್ರವನ್ನೂ, ಮಕ್ಕಳ ಪ್ರತಿಭಟನೆಯ ನಡುವೆ) ಆ ವಾರದ ಬತ್ತಿಗಳನ್ನು ಹಚ್ಚಿ ಬೈಬಲಿನ ಪ್ರವಾದಿ ಯೆಶಾಯನ ಕೆಲವು ವಚನಗಳನ್ನು ಓದುತ್ತೇವೆ. ಐದು ನಿಮಿಷವೂ ಹಿಡಿಯುವುದಿಲ್ಲ.

ಉತ್ತರ 3:
ಕುಸ್ವಾರನ್ನೇ ಅಪರಾಧಿಯಾಗಿಸುವುದು ನನಗೆ ಒಪ್ಪಿಗೆಯಿಲ್ಲ. ನಮ್ಮ ಅಜ್ಜಿ ಫೋರ್ಕಿನ ಬೆನ್ನ ಮೇಲೆ ಕಿಡ್ಯೊ ಎಂಬ ತಿಂಡಿಯ ಹಿಟ್ಟು ಒತ್ತಿ ಸುರುಳಿ ಮಾಡುತ್ತಲೇ ಜಪಸರ ಹೇಳಿಸುತ್ತಿದ್ದರು, ಮತ್ತು ಕರಿದದ್ದರಲ್ಲಿ ಒಂದನ್ನೂ ಹಬ್ಬದ ಮೊದಲು ಬಾಯಿಗೆ ಹಾಕಲು ಬಿಡುತ್ತಿರಲಿಲ್ಲ. ಡಬ್ಬಿ ತುಂಬಿದ್ದರೂ ಕಾಯುವುದನ್ನು ನಾವು ಕಲಿತದ್ದು ಅಲ್ಲಿಯೇ. ಹತ್ತು ಬಗೆ ಮಾಡಿ ದಣಿಯುವ ಬದಲು ನಾಲ್ಕು ಬಗೆ ಮಾಡಿ ನೆರೆಮನೆಗಳಿಗೆ ಹಂಚಿದರೆ ಸಾಕು. ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ) ಪ್ಲಾಸ್ಟಿಕ್ ಹುಲ್ಲು ತರಬೇಡಿ, ಮಗಳ ಕೈಯಿಂದ ತೆಂಗಿನ ಚಿಪ್ಪಿನಲ್ಲಿ ರಾಗಿ ಬಿತ್ತಿಸಿ. ಬಾಲ ಯೇಸುವಿನ ಪ್ರತಿಮೆಯನ್ನು ಮಾತ್ರ ರಾತ್ರಿಪೂಜೆ ಮುಗಿಸಿ ಬರುವವರೆಗೆ ಇಡಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಕ್ಷತ್ರ ಆರಿಸುವುದಕ್ಕೆ ಮಗಳು ಒಪ್ಪಿಲ್ಲ, ರಾಗಿಗೆ ಒಪ್ಪಿದ್ದಾಳೆ. ಎಷ್ಟು ದಿನ ಮುಂಚೆ ಬಿತ್ತಬೇಕು?

ಉತ್ತರ 3:
ನಾವು ಹತ್ತು ಹನ್ನೆರಡು ದಿನ ಮುಂಚೆ ಬಿತ್ತುತ್ತೇವೆ. ನೀರನ್ನು ಸುರಿಯದೆ ಕೈಯಿಂದ ಚಿಮುಕಿಸಲಿ. ದಿನವೂ ಮಣ್ಣು ಕೆದಕಿ ನೋಡದಂತೆ ಅವಳಿಗೆ ಹೇಳಿ.