ಒಎಇ ಕಿವಿ ತಪಾಸಣೆಯಲ್ಲಿ ರೆಫರ್ ಜಾಸ್ತಿ ಬರುತ್ತಿದೆ, ಏನು ಸರಿಪಡಿಸಬೇಕು?

ಹೆರಿಗೆ_ವಾರ್ಡ್_ಸಿಸ್ಟರ್:

ತಾಲ್ಲೂಕು ಆಸ್ಪತ್ರೆಯಲ್ಲಿ ಕೈಯಲ್ಲಿ ಹಿಡಿಯುವ ಡಿಪಿಒಎಇ ಯಂತ್ರದಿಂದ (ಕಿವಿಗೆ ಶಬ್ದ ಕೊಟ್ಟು ಒಳಗಿವಿಯ ಪ್ರತಿಧ್ವನಿ ಅಳೆಯುವ ಒಎಇ ಪರೀಕ್ಷೆಯ ಒಂದು ಬಗೆ) ನವಜಾತ ಶಿಶುಗಳ ಕಿವಿ ತಪಾಸಣೆ ನಡೆಯುತ್ತಿದೆ. 2, 3, 4, 5 ಕಿಲೋಹರ್ಟ್ಸ್ ಫ್ರೀಕ್ವೆನ್ಸಿಗಳಲ್ಲಿ ನೋಡುತ್ತೇವೆ, ನಾಲ್ಕರಲ್ಲಿ ಮೂರಕ್ಕೆ ಪ್ರತಿಕ್ರಿಯೆ ಸಿಕ್ಕರೆ ಪಾಸ್. ಬೆಳಗಿನ ರೌಂಡ್ಸ್ ಮುಗಿದ ಮೇಲೆ, ಹಿಂದಿನ ದಿನ ಹುಟ್ಟಿದ ಮಕ್ಕಳಿಗೆಲ್ಲ ವಾರ್ಡ್‌ನಲ್ಲೇ ಸಾಲಾಗಿ ಮಾಡುತ್ತೇವೆ. ಹತ್ತು ಮಕ್ಕಳಲ್ಲಿ ಮೂರಕ್ಕೆ ಒಂದಲ್ಲ ಒಂದು ಕಿವಿ ರೆಫರ್ (ಪಾಸ್ ಆಗದೆ, ಮತ್ತೆ ನೋಡಬೇಕೆಂದು ಬರುವುದು). ಮತ್ತೆ ಮತ್ತೆ ಹಾಕಿದರೆ ಕೆಲವು ಪಾಸ್ ಆಗುತ್ತವೆ. ಯಂತ್ರ ಸರಿಯಿಲ್ಲವೇ, ಅಥವಾ ನಾವು ಮಾಡುವ ಕ್ರಮ ಸರಿಯಿಲ್ಲವೇ? ಇನ್ನೊಂದು: ಎಸ್‌ಎನ್‌ಸಿಯುನಲ್ಲಿ (ನವಜಾತ ಶಿಶುಗಳ ವಿಶೇಷ ಆರೈಕೆ ಘಟಕ) ಕಾಮಾಲೆಗೆ ಇದ್ದ ಮಗು ಒಎಇ ಪಾಸ್ ಆದರೆ ಅಷ್ಟಕ್ಕೇ ಬಿಡಬಹುದೇ?

ಕಿವಿ_ಮಾತು (ಆಡಿಯೋಲಜಿಸ್ಟ್):

ಸಿಸ್ಟರ್, ಮೊದಲು ಸಮಯ ಬದಲಿಸಿ. ಹುಟ್ಟಿದ 24 ಗಂಟೆಯೊಳಗೆ ಕಿವಿಯ ನಾಳದಲ್ಲಿ ವರ್ನಿಕ್ಸ್ (ಹುಟ್ಟಿದ ಮಗುವಿನ ಮೈಮೇಲಿನ ಬಿಳಿ ಜಿಡ್ಡು) ಇರುತ್ತದೆ, ನಡುಗಿವಿಯಲ್ಲಿ ದ್ರವ ಇನ್ನೂ ಪೂರ್ತಿ ಇಂಗಿರುವುದಿಲ್ಲ. ಒಎಇಯಲ್ಲಿ ಶಬ್ದ ನಡುಗಿವಿ ದಾಟಿ ಒಳಗೆ ಹೋಗಬೇಕು, ಒಳಗಿವಿಯ ಹೊರ ರೋಮಕೋಶಗಳ ಪ್ರತಿಧ್ವನಿ ಅದೇ ದಾರಿಯಲ್ಲಿ ಹೊರಗೆ ಬರಬೇಕು. ದಾರಿಯಲ್ಲಿ ಎರಡು ಸಲ ತಡೆ ಬಿದ್ದರೆ ಒಳ್ಳೆಯ ಕಿವಿಯೂ ರೆಫರ್ ಆಗುತ್ತದೆ. ನಾರ್ಮಲ್ ಹೆರಿಗೆಯಾದರೆ ಡಿಸ್ಚಾರ್ಜ್ ದಿನ ಕೊನೆಯಲ್ಲಿ ಮಾಡಿ, ಸಿಸೇರಿಯನ್ ಆದರೆ ಮೂರನೇ ದಿನಕ್ಕೆ ಬಿಡಿ.

ಆಮೇಲೆ ಪರದೆಯಲ್ಲಿ ಪಾಸ್, ರೆಫರ್ ಎಂಬ ಪದವನ್ನಷ್ಟೇ ನೋಡಬೇಡಿ, ಅಂಕಿ ನೋಡಿ. ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಮಾತ್ರ ಹೋಗಿದ್ದು, ನಾಯ್ಸ್ ಅಂಕಿ ಮೇಲಿದ್ದರೆ ಅದು ಗದ್ದಲದ ರೆಫರ್: ಫ್ಯಾನು, ಪಕ್ಕದ ಮಂಚದ ಮಾತು, ಅಥವಾ ಮಗುವೇ ಚೀಪುತ್ತಿರುವುದು, ಮೂಗು ಕಟ್ಟಿ ಗೊರಗೊರ ಉಸಿರಾಡುವುದು. ನಾಯ್ಸ್ ಕಡಿಮೆ ಇದ್ದೂ ಎಲ್ಲ ಫ್ರೀಕ್ವೆನ್ಸಿಯಲ್ಲೂ ಸಿಗ್ನಲ್ ಇಲ್ಲದಿದ್ದರೆ ಪ್ರೋಬ್ (ಯಂತ್ರದ ಕಿವಿಗೆ ಹಾಕುವ ಭಾಗ) ಅಥವಾ ನಾಳ ಮುಚ್ಚಿದೆ, ಇಲ್ಲವೇ ನಿಜಕ್ಕೂ ಪ್ರತಿಕ್ರಿಯೆಯಿಲ್ಲ. ಯಂತ್ರ ಕೊಡುವ ಎರಡು ಶಬ್ದಗಳ ಮಟ್ಟ ಸಾಮಾನ್ಯವಾಗಿ 65 ಮತ್ತು 55 ಡೆಸಿಬಲ್. ಪರದೆಯಲ್ಲಿ ಅದಕ್ಕಿಂತ ಬಹಳ ದೂರದ ಅಂಕಿ ಕಂಡರೆ ಪ್ರೋಬ್ ಸರಿಯಾಗಿ ಕೂತಿಲ್ಲ.

ಕೂರಿಸುವ ವಿಧಾನದಲ್ಲೇ ಅರ್ಧ ಫಲಿತಾಂಶ ನಿಂತಿದೆ. ಹೊಟ್ಟೆ ತುಂಬಿ ನಿದ್ದೆ ಹೋದ ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ. ಮಲಗಿದ್ದ ಮಗ್ಗುಲಿನ ಕಿವಿಯ ನಾಳ ಮೆತ್ತಗಿದ್ದು ಅಂಟಿಕೊಂಡಿರುತ್ತದೆ, ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ಬೆರಳಿನಿಂದ ಮೆಲ್ಲಗೆ ಉಜ್ಜಿ. ಕಿವಿಯ ಹಾಲೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆದು, ಪ್ರೋಬ್ ತುದಿಯ ಮೆತ್ತನೆ ಟಿಪ್ಪನ್ನು ಮೂಗಿನ ಕಡೆ ಗುರಿಯಿಟ್ಟು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿ, ಕೈ ಬಿಡಿ. ಕೈಬಿಟ್ಟರೂ ಪ್ರೋಬ್ ತಾನೇ ನಿಲ್ಲಬೇಕು. ಹಿಡಿದುಕೊಂಡೇ ಮಾಡಿದರೆ ನಿಮ್ಮ ಬೆರಳಿನ ಅಲುಗಾಟವೇ ನಾಯ್ಸ್. ರೆಫರ್ ಬಂದರೆ ಪ್ರೋಬ್ ತೆಗೆದು ತುದಿಯ ತೂತುಗಳನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಮೇಣದಂತೆ ವರ್ನಿಕ್ಸ್ ಅಂಟಿರುತ್ತದೆ. ಟಿಪ್ ಬದಲಿಸಿ ಇನ್ನೊಮ್ಮೆ ಹಾಕಿದರೆ ಎಷ್ಟೋ ಸಲ ಪಾಸ್ ಆಗುವುದು, ಮೊದಲ ಟಿಪ್ಪೇ ನಾಳವನ್ನು ಸ್ವಚ್ಛ ಮಾಡಿ ಬಂದಿರುವುದರಿಂದ. ಬಡ್ಸ್ ಹಾಕಿ ತೆಗೆಯಲು ಮಾತ್ರ ಹೋಗಬೇಡಿ.

ಆದರೆ ಒಂದು ಕಿವಿಗೆ ಒಂದು ಸಲಕ್ಕೆ ಎರಡು ಒಳ್ಳೆಯ ಪ್ರಯತ್ನ ಸಾಕು. ಐದಾರು ಸಲ ಹಾಕುತ್ತಾ ಹೋದರೆ ಆಕಸ್ಮಿಕವಾಗಿಯೂ ಪಾಸ್ ಬಂದುಬಿಡುತ್ತದೆ, ಕೇಳಿಸದ ಮಗು ಕೇಳಿಸುವ ಪಟ್ಟಿಗೆ ಸೇರುತ್ತದೆ. ಇದನ್ನು ದಯವಿಟ್ಟು ನಿಲ್ಲಿಸಿ. ಮರುತಪಾಸಣೆಯಲ್ಲಿ ಒಂದೇ ಕಿವಿ ರೆಫರ್ ಆಗಿದ್ದರೂ ಎರಡೂ ಕಿವಿ ನೋಡಿ.

ಯಂತ್ರದ ಬಗ್ಗೆ: ದಿನಾ ಬೆಳಿಗ್ಗೆ ಜೊತೆಗೆ ಕೊಟ್ಟಿರುವ ಪರೀಕ್ಷಾ ಕುಳಿಯಲ್ಲಿ ಪ್ರೋಬ್ ಇಟ್ಟು ನೋಡಿ, ಅಲ್ಲಿ ಪಾಸ್ ಬರಬಾರದು. ಚೆನ್ನಾಗಿ ಕೇಳುವ ಸಿಬ್ಬಂದಿಯೊಬ್ಬರ ಕಿವಿಯಲ್ಲಿ ಪಾಸ್ ಬರಬೇಕು. ಎರಡೂ ಸರಿಯಿದ್ದರೆ ಯಂತ್ರದ ಮೇಲೆ ಅನುಮಾನ ಬೇಡ.

ಮಕ್ಕಳ_ಡಾಕ್ಟರ್:

ಎಸ್‌ಎನ್‌ಸಿಯು ಪ್ರಶ್ನೆಗೆ: ಬಿಡಬಾರದು. ಒಎಇ ಹೊರ ರೋಮಕೋಶದವರೆಗೆ ಮಾತ್ರ ನೋಡುತ್ತದೆ, ಅಲ್ಲಿಂದ ಮುಂದಿನ ನರವನ್ನು ನೋಡುವುದಿಲ್ಲ. ಕಾಮಾಲೆಯಲ್ಲಿ ಬಿಲಿರುಬಿನ್ (ರಕ್ತದಲ್ಲಿನ ಹಳದಿ ಬಣ್ಣದ ವಸ್ತು) ತೀರಾ ಏರಿದಾಗ ಪೆಟ್ಟು ಬೀಳುವುದು ನರಕ್ಕೆ, ಮಿದುಳಿನ ಕಾಂಡಕ್ಕೆ. ಒಎಇ ಚೆನ್ನಾಗಿ ಪಾಸ್, ಮಗುವಿಗೆ ಮಾತು ಮಾತ್ರ ಅರ್ಥವಾಗುವಂತೆ ಕೇಳಿಸುವುದಿಲ್ಲ. ಆಡಿಟರಿ ನ್ಯೂರೋಪತಿ ಎನ್ನುವುದು ಇದನ್ನೇ. ಇಂಥ ಮಕ್ಕಳಿಗೆ ಎಎಬಿಆರ್ ಬೇಕು: ಹಣೆಗೆ, ಕತ್ತಿನ ಹಿಂಭಾಗಕ್ಕೆ, ಭುಜಕ್ಕೆ ಎಲೆಕ್ಟ್ರೋಡ್ ಹಚ್ಚಿ 35 ಡೆಸಿಬಲ್ ಕ್ಲಿಕ್‌ಗೆ ನರದ ಅಲೆ ಬರುತ್ತದೆಯೇ ನೋಡುವುದು.

ಐದು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿದ್ದವರು, ರಕ್ತ ಬದಲಾವಣೆ ಆದವರು, ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಐದು ದಿನ ಮೀರಿದವರು, ಹುಟ್ಟಿದಾಗ ಉಸಿರುಗಟ್ಟಿ ಮಿದುಳಿಗೆ ತೊಂದರೆಯಾದವರು, ಮೆನಿಂಜೈಟಿಸ್ ಆದವರು, ಮುಖ ಅಥವಾ ಕಿವಿಯ ಆಕಾರದಲ್ಲಿ ದೋಷವಿರುವವರು, ಮನೆಯಲ್ಲಿ ಬಾಲ್ಯದಿಂದಲೇ ಕಿವಿ ಕೇಳದವರು ಇರುವವರು: ಇವರ ಹೆಸರನ್ನು ಬೇರೆ ಪಟ್ಟಿಯಲ್ಲಿಡಿ. ಸೋದರಮಾವ ಅಥವಾ ಸೋದರತ್ತೆಯ ಮಗನ ಜೊತೆ ಮದುವೆಯೇ ಎಂದು ಕೇಳುವುದನ್ನು ಮರೆಯಬೇಡಿ. ನಮ್ಮ ಕಡೆ ಇದು ಸಾಮಾನ್ಯ, ಆನುವಂಶಿಕ ಕಿವುಡುತನದ ಸಾಧ್ಯತೆ ಇದರಿಂದ ಹೆಚ್ಚುತ್ತದೆ. ತಪ್ಪು ಹೊರಿಸುವ ದನಿ ಬೇಡ, ತೂಕ ಬರೆದಂತೆ ಬರೆದುಕೊಳ್ಳಿ.

ರೆಫರ್ ಖಚಿತವಾದ ಮಗುವಿಗೆ ಸಿಎಂವಿ (ಗರ್ಭದಲ್ಲೇ ತಗುಲಿ ಕಿವುಡುತನ ತರಬಲ್ಲ ವೈರಸ್) ಸೋಂಕಿನ ಪಿಸಿಆರ್ ಪರೀಕ್ಷೆ ಮಾಡಿಸುವ ಅನುಕೂಲವಿದ್ದರೆ 21 ದಿನದೊಳಗೆ ಮೂತ್ರ ಅಥವಾ ಜೊಲ್ಲಿನ ಮಾದರಿ ತೆಗೆಯಬೇಕು. ಆಮೇಲೆ ಬಂದ ಪಾಸಿಟಿವ್, ಗರ್ಭದಲ್ಲಿ ತಗುಲಿದ್ದೋ ಹೊರಗೆ ತಗುಲಿದ್ದೋ ಹೇಳಲಾಗದು.

ಹೆರಿಗೆ_ವಾರ್ಡ್_ಸಿಸ್ಟರ್:

ತುಂಬಾ ಉಪಕಾರ ಸರ್, ಮೇಡಂ. ನಮ್ಮಲ್ಲಿ ಎಎಬಿಆರ್ ಇಲ್ಲ. ರೆಫರ್ ಎಂದರೆ ಅಜ್ಜಿಯರು ತಟ್ಟೆ ಬಡಿದು, "ನೋಡಿ, ಬೆಚ್ಚಿಬಿತ್ತಲ್ಲ" ಎಂದು ಹೊರಟುಬಿಡುತ್ತಾರೆ. ಮರುತಪಾಸಣೆಗೆ ಬರುವವರು ಕಡಿಮೆ.

ಡಿಇಐಸಿ_ಕೆಲಸ:

ಎಎಬಿಆರ್‌ಗೆ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ಚೀಟಿ ಬರೆದು ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ (ಮಕ್ಕಳ ದೋಷಗಳನ್ನು ಬೇಗ ಪತ್ತೆ ಮಾಡುವ ಕೇಂದ್ರ) ಕಳಿಸಿ, ಶ್ರವಣದೋಷ ಆ ಕಾರ್ಯಕ್ರಮದ ಪಟ್ಟಿಯಲ್ಲೇ ಇದೆ, ಖರ್ಚಿಲ್ಲ. ಅಲ್ಲಿ ಪೂರ್ಣ ಎಬಿಆರ್ (ಅದೇ ನರದ ಅಲೆಯ ವಿವರವಾದ ಪರೀಕ್ಷೆ) ಆಗದಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್‌ನಂಥ ಕೇಂದ್ರಕ್ಕೆ ಅವರೇ ಮುಂದೆ ಕಳಿಸುತ್ತಾರೆ.

ತಟ್ಟೆಯ ವಿಷಯ ಅಜ್ಜಿಗೇ ನೇರವಾಗಿ ಹೇಳಿ: ತಟ್ಟೆಯ ಸದ್ದು ಬಹಳ ದೊಡ್ಡದು, ಅರೆಬರೆ ಕೇಳುವ ಮಗುವೂ ಬೆಚ್ಚುತ್ತದೆ. ಪೂರ್ತಿ ಕೇಳದ ಮಗುವಿಗೂ ಗಾಳಿ, ಮಂಚದ ಅದುರು, ಕೈಯ ನೆರಳು ತಿಳಿಯುತ್ತವೆ. ಮೊದಲ ತಿಂಗಳುಗಳ ಊಂ ಊಂ ದನಿ ಕಿವುಡು ಮಗುವೂ ಮಾಡುತ್ತದೆ. ಹಾಗೆಯೇ "ಕಿವಿ ಕೇಳಲ್ಲ" ಎಂದೂ ಹೇಳಬೇಡಿ, "ಏನೂ ಇಲ್ಲ ಬಿಡಿ" ಎಂದೂ ಹೇಳಬೇಡಿ. "ಇವತ್ತು ಯಂತ್ರಕ್ಕೆ ಉತ್ತರ ಸಿಕ್ಕಿಲ್ಲ, ಇಂಥ ದಿನ ಇನ್ನೊಮ್ಮೆ ನೋಡಲೇಬೇಕು" ಎಂದು ತಾರೀಖು ಸಮೇತ ಹೇಳಿ, ತಾಯಿ ಕಾರ್ಡ್ ಮೇಲೆ ಬರೆದುಕೊಡಿ.

ಮಕ್ಕಳು ಕೈತಪ್ಪುವುದು ಬಹುಪಾಲು ಬಾಣಂತನದಲ್ಲಿ. ಹೆರಿಗೆ ಒಂದು ತಾಲ್ಲೂಕಿನಲ್ಲಿ, ಬಾಣಂತನ ತವರಿನಲ್ಲಿ, ಮೂರೋ ಐದೋ ತಿಂಗಳಿಗೆ ಗಂಡನ ಮನೆ. ನಮ್ಮ ಗುರಿ ಒಂದು ತಿಂಗಳೊಳಗೆ ತಪಾಸಣೆ, ಮೂರರೊಳಗೆ ಖಚಿತ ರೋಗನಿರ್ಣಯ, ಆರರೊಳಗೆ ಶ್ರವಣ ಸಾಧನ. ಅದರ ಅರ್ಧ ಅವಧಿ ತವರಲ್ಲೇ ಕಳೆಯುತ್ತದೆ. ಆದ್ದರಿಂದ ಎರಡೂ ಮನೆಯ ಫೋನ್ ನಂಬರ್, ತವರೂರಿನ ಆಶಾ ಅವರ ನಂಬರ್ ಬರೆದುಕೊಳ್ಳಿ. ಆಶಾ ಹೇಗೂ 14, 21, 28ನೇ ದಿನ ಮನೆಗೆ ಹೋಗುತ್ತಾರೆ, ನೆನಪಿಸುವ ಕೆಲಸ ಅವರಿಂದ ಆಗುತ್ತದೆ. ಅದೂ ತಪ್ಪಿದರೆ ಆರನೇ ವಾರದ ಲಸಿಕೆಯ ದಿನ ಹಿಡಿಯಿರಿ, ಲಸಿಕೆಗೆ ಜನ ಬಂದೇ ಬರುತ್ತಾರೆ. ಸೂಜಿಗೆ ಮೊದಲು ಒಎಇ ಮುಗಿಸಿ, ಆಮೇಲೆ ಮಗು ಸುಮ್ಮನಾಗುವುದಿಲ್ಲ.

ಕಿವಿ_ಮಾತು (ಆಡಿಯೋಲಜಿಸ್ಟ್):

ಎರಡು ಮಾತು ಸೇರಿಸುತ್ತೇನೆ. ಎಎಬಿಆರ್‌ನಲ್ಲಿ ರೆಫರ್ ಆದ ಮಗುವಿಗೆ ಆಮೇಲೆ ಒಎಇ ಮಾಡಿ ಪಾಸ್ ಎಂದು ಬರೆಯಬೇಡಿ. ಡಾಕ್ಟರ್ ಹೇಳಿದ ನ್ಯೂರೋಪತಿ ಮಗು ಅಲ್ಲೇ ತಪ್ಪಿಹೋಗುತ್ತದೆ.

ಎಬಿಆರ್‌ಗೆ ಕಳಿಸುವಾಗ ಮನೆಯವರಿಗೆ ಹೇಳಬೇಕಾದ್ದು: ಮಗು ಸಹಜ ನಿದ್ದೆಯಲ್ಲಿ ಒಂದು ಗಂಟೆಯಾದರೂ ಇರಬೇಕು. ದಾರಿಯಲ್ಲಿ ಆದಷ್ಟು ಎಚ್ಚರವಾಗಿಟ್ಟು, ಹಾಲನ್ನು ಅಲ್ಲಿಗೆ ಹೋದ ಮೇಲೆ ಕುಡಿಸಲಿ. ಆ ದಿನ ಎಣ್ಣೆ ನೀರು ಬೇಡ. ಹಣೆ, ಕಿವಿಯ ಹಿಂದೆ ಎಣ್ಣೆ, ಪೌಡರ್, ಕಾಡಿಗೆ ಬೊಟ್ಟು ಇದ್ದರೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ. ಇಂಪಿಡೆನ್ಸ್ (ಎಲೆಕ್ಟ್ರೋಡ್ ಮತ್ತು ಚರ್ಮದ ನಡುವಿನ ವಿದ್ಯುತ್ ತಡೆ) 5 ಕಿಲೋಓಮ್ ಒಳಗೆ ತರಲು ಚರ್ಮ ಉಜ್ಜುತ್ತಾ ಕೂತರೆ ಮಗು ಎಚ್ಚರವಾಗುತ್ತದೆ, ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸ್ ಹೋಗಬೇಕಾಗುತ್ತದೆ. ಕಿವಿಯೊಳಗೆ ಎಣ್ಣೆ ಬಿಡುವುದಂತೂ ಯಾವ ದಿನವೂ ಬೇಡ.